ನಳಿಗೆ ಎಷ್ಟು ಉದ್ದ ಇದ್ದರೆ ಒಳ್ಳೆಯದು? ಕೊಡಗಿನ ಕೋವಿಗಳಿಗೊಂದು ಹೋಲಿಕೆ

ಆಯುಧಗಳಿಗೆ ಪೂಜೆ ಮಾಡುವ ಕೈಲ್ ಪೊಳ್ದ್ ಹಬ್ಬ ಹತ್ತಿರ ಬಂದರೆ ಕೊಡಗಿನ ಮನೆಗಳಲ್ಲಿ ಕೋವಿ ಹೊರಗೆ ಬರುತ್ತದೆ. ಒರೆಸಿ ಎಣ್ಣೆ ಹಚ್ಚುತ್ತಾರೆ, ತೋಕ್ ಪೂ (ಕೋವಿ ಹೂವು) ಇಟ್ಟು ಪೂಜೆ ಮಾಡುತ್ತಾರೆ. ಆಮೇಲೆ ಊರಿನ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಅಲ್ಲಿ ಸುಮ್ನೆ ಸ್ವಲ್ಪ ಹೊತ್ತು ನಿಂತರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ನಳಿಗೆ ಉದ್ದ ಇದ್ದಷ್ಟೂ ಗುಂಡು ಜೋರು. ಹೊಸದಾಗಿ ಪಾಯಿಂಟ್ 22 (ಸಣ್ಣ ಗುಂಡಿನ ರೈಫಲ್) ಕೊಳ್ಳುವವರು, ಹಳೆಯ ಜೋಡುನಳಿಗೆಯ ಜೊತೆಗೆ ಇನ್ನೊಂದು ಬೇಕು ಅನ್ನುವವರು, ಈ ಒಂದೇ ಮಾತನ್ನು ನಂಬಿ ಅತಿ ಉದ್ದದ ಕೋವಿ ತರುತ್ತಾರೆ. ಇನ್ನು ಕೆಲವರು ಹೊರಲು ಸುಲಭ ಅಂತ ಗಿಡ್ಡದ್ದು ತಂದು, ಏಟು ತಪ್ಪಿದಾಗಲೆಲ್ಲ ನಳಿಗೆಯನ್ನು ಬೈಯುತ್ತಾರೆ.

ಆ ಮಾತು ಕೆಲವು ಕೋವಿಗಳಿಗೆ ನಿಜ, ಕೆಲವಕ್ಕೆ ಬರೀ ಸುಳ್ಳು. ಪಾಯಿಂಟ್ 22ಗೆ ಒಂದು ಲೆಕ್ಕ, ಚರೆ (ಸಣ್ಣ ಗುಂಡುಗಳ ಗೊಂಚಲು) ಹಾರಿಸುವ 12 ಬೋರಿಗೆ ಇನ್ನೊಂದು, ದೊಡ್ಡ ರೈಫಲ್ ಆದ ತರ್ಟಿ ನಾಟ್ ಸಿಕ್ಸ್‌ಗೆ ಮತ್ತೊಂದು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಸ್ಪರ್ಧೆ ನಡೆಯುವ ದೂರಕ್ಕೆ ನಳಿಗೆಯ ಉದ್ದವನ್ನು ವೇಗಕ್ಕಾಗಿ ಆರಿಸಬೇಕಾಗಿಲ್ಲ. ಗುರಿ ಹಿಡಿಯಲು, ತೂಕ ತಡೆಯಲು ನಿಮಗೆ ಯಾವುದು ಹೊಂದುತ್ತದೆ ಎಂದು ನೋಡಿ ಆರಿಸಬೇಕು.

ಇಲ್ಲಿ ಗುರಿ ಎಂದರೆ ತೆಂಗಿನಕಾಯಿ ಮತ್ತು ಕಾಗದದ ಟಾರ್ಗೆಟ್. ಬೇಟೆಗೆ 1972ರ ವನ್ಯಜೀವಿ ಕಾಯ್ದೆಯಿಂದ ಬಾಗಿಲು ಮುಚ್ಚಿದೆ. ಅದರ ಮಾತು ಈ ಬರಹದಲ್ಲಿ ಬರುವುದಿಲ್ಲ.

ನಳಿಗೆಯೊಳಗೆ ಏನಾಗುತ್ತದೆ

ಕುದುರೆ (ಟ್ರಿಗರ್) ಎಳೆದಾಗ ಕ್ಯಾಪ್ ಸಿಡಿದು ಮದ್ದಿಗೆ ಬೆಂಕಿ ಹತ್ತುತ್ತದೆ. ಮದ್ದು ಉರಿದು ಅನಿಲವಾಗುತ್ತದೆ. ಆ ಅನಿಲದ ಒತ್ತಡ ಗುಂಡನ್ನು ಮುಂದಕ್ಕೆ ತಳ್ಳುತ್ತದೆ. ಒತ್ತಡ ಎಲ್ಲಕ್ಕಿಂತ ಜಾಸ್ತಿ ಇರುವುದು ಗುಂಡು ಮೊದಲ ಕೆಲವು ಇಂಚು ದಾಟುವಾಗ. ಅಲ್ಲಿಂದ ಗುಂಡು ಮುಂದೆ ಹೋದಂತೆ ಅದರ ಹಿಂದಿನ ಜಾಗ ದೊಡ್ಡದಾಗುತ್ತದೆ, ಅನಿಲ ಹರಡಿಕೊಳ್ಳುತ್ತದೆ, ಒತ್ತಡ ಇಳಿಯುತ್ತದೆ. ಆದರೂ ತಳ್ಳುವುದು ನಿಂತಿಲ್ಲವಲ್ಲ, ವೇಗ ಏರುತ್ತಲೇ ಇರುತ್ತದೆ. ಏರುವ ಪ್ರಮಾಣ ಮಾತ್ರ ಪ್ರತಿ ಇಂಚಿಗೂ ಕಡಿಮೆಯಾಗುತ್ತಾ ಬರುತ್ತದೆ.

ಇದಕ್ಕೆ ಎದುರಾಗಿ ನಿಲ್ಲುವುದು ತಿಕ್ಕಾಟ. ತೋಟದ ರಸ್ತೆಯಲ್ಲಿ ಕೆಟ್ಟು ನಿಂತ ಜೀಪನ್ನು ತಳ್ಳಿದ ಹಾಗೆ ಇದು. ಕೈಯ ಬಲ ಚಕ್ರದ ಎಳೆತಕ್ಕಿಂತ ಜಾಸ್ತಿ ಇರುವವರೆಗೆ ಜೀಪು ವೇಗ ಹಿಡಿಯುತ್ತದೆ. ಎರಡೂ ಸಮವಾದರೆ ಅದೇ ವೇಗದಲ್ಲಿ ಉರುಳುತ್ತದೆ. ಕೈ ಸೋತರೆ ನಿಧಾನವಾಗುತ್ತದೆ. ನಳಿಗೆಯಲ್ಲೂ ಒತ್ತಡ ತಿಕ್ಕಾಟಕ್ಕಿಂತ ಕೆಳಗೆ ಇಳಿದ ಮೇಲೆ ಉಳಿದ ಇಂಚುಗಳು ಗುಂಡಿಗೆ ವೇಗ ಕೊಡುವುದಿಲ್ಲ, ಸ್ವಲ್ಪ ಕಿತ್ತುಕೊಳ್ಳುತ್ತವೆ.

ಆ ಹಂತ ಎಷ್ಟನೇ ಇಂಚಿಗೆ ಬರುತ್ತದೆ ಎನ್ನುವುದು ಎರಡು ವಿಷಯದ ಮೇಲೆ ನಿಂತಿದೆ. ಮದ್ದು ಎಷ್ಟು, ಅದು ತುಂಬಬೇಕಾದ ಕೊಳವೆ ಎಷ್ಟು ಅಗಲ. ಪಾಯಿಂಟ್ 22ರ ಕಾರ್ಟ್ರಿಡ್ಜ್‌ನಲ್ಲಿ (ಗುಂಡು, ಮದ್ದು ಸೇರಿದ ತೋಟೆಯಲ್ಲಿ) ಮದ್ದು ಒಂದೂವರೆ ಗ್ರೇನ್ ಆಸುಪಾಸು, ಅಂದರೆ ಗ್ರಾಮಿನ ಹತ್ತರಲ್ಲಿ ಒಂದು ಭಾಗ. ತರ್ಟಿ ನಾಟ್ ಸಿಕ್ಸ್‌ನಲ್ಲಿ ಸುಮಾರು 50 ಗ್ರೇನ್, ಮೂರು ಗ್ರಾಮಿನ ಮೇಲೆ. ಮದ್ದು ಮೂವತ್ತು ಪಟ್ಟು ಜಾಸ್ತಿ, ಆದರೆ ನಳಿಗೆಯ ತೂತಿನ ವಿಸ್ತಾರ ಎರಡು ಪಟ್ಟೂ ಜಾಸ್ತಿ ಇಲ್ಲ. ಹಾಗಾಗಿ ಒಂದಕ್ಕೆ ಬೇಗ ದಮ್ಮು ಮುಗಿಯುತ್ತದೆ, ಇನ್ನೊಂದಕ್ಕೆ ನಳಿಗೆ ಮುಗಿದರೂ ದಮ್ಮು ಉಳಿದಿರುತ್ತದೆ.

ಪಾಯಿಂಟ್ 22: ಉದ್ದಕ್ಕೆ ವೇಗ ಸಿಗುವುದಿಲ್ಲ

ನಮ್ಮ ಸ್ಪರ್ಧೆಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವ ರೈಫಲ್ ಇದು. ಗೊಂದಲವೂ ಇದರ ಬಗ್ಗೆಯೇ ಜಾಸ್ತಿ. ಆದ್ದರಿಂದ ಇಲ್ಲಿ ಸ್ವಲ್ಪ ನಿಂತು ನೋಡೋಣ.

ಪಾಯಿಂಟ್ 22 ಲಾಂಗ್ ರೈಫಲ್ ಕಾರ್ಟ್ರಿಡ್ಜ್‌ನ ಸಾಮಾನ್ಯ ಗುಂಡು 40 ಗ್ರೇನ್, ಅಂದರೆ 2.6 ಗ್ರಾಂ. ಸ್ಟ್ಯಾಂಡರ್ಡ್ ವೆಲಾಸಿಟಿ ಎಂದು ಬರೆದಿರುವ ಡಬ್ಬಿಯಲ್ಲಿ ವೇಗ ಸೆಕೆಂಡಿಗೆ 320ರಿಂದ 330 ಮೀಟರ್ ಇರುತ್ತದೆ. ಹೈ ವೆಲಾಸಿಟಿಯಲ್ಲಿ 380ರ ಸುತ್ತ. ಈ ವೇಗದ ಬಹುಪಾಲು ಮೊದಲ ಹತ್ತು ಹನ್ನೆರಡು ಇಂಚಿನಲ್ಲೇ ಬಂದಿರುತ್ತದೆ. 16ರಿಂದ 19 ಇಂಚಿನ ನಡುವೆ ಎಲ್ಲೋ ಗುಂಡು ತನ್ನ ಮೇಲ್ಮಟ್ಟ ಮುಟ್ಟುತ್ತದೆ. ಅಲ್ಲಿಂದ ಮುಂದಕ್ಕೆ ವೇಗ ಹಾಗೇ ನಿಲ್ಲುತ್ತದೆ, ಇಲ್ಲವೇ ಚೂರು ಇಳಿಯುತ್ತದೆ. 26 ಇಂಚಿನ ನಳಿಗೆಯಿಂದ ಹೊರಟ ಗುಂಡು 18 ಇಂಚಿನದಕ್ಕಿಂತ ನಿಧಾನವಾಗಿರುವುದು ಅಪರೂಪವೇನಲ್ಲ.

ಹಾಗಾದರೆ ಒಲಿಂಪಿಕ್ಸ್‌ನ 50 ಮೀಟರ್ ಶೂಟರ್‌ಗಳು ಅಷ್ಟು ಉದ್ದದ ರೈಫಲ್ ಯಾಕೆ ಹಿಡಿಯುತ್ತಾರೆ? ವೇಗಕ್ಕಲ್ಲ. ಗುರಿ ನೋಡಲು ನಳಿಗೆಯ ಮೇಲಿರುವ ಹಿಂದಿನ ಸೈಟ್ ಮತ್ತು ಮುಂದಿನ ಸೈಟ್ ನಡುವಿನ ಅಂತರಕ್ಕಾಗಿ. ಕೆಲವರು ನಳಿಗೆಯ ಮುಂದೆ ಖಾಲಿ ಕೊಳವೆ ಸಿಕ್ಕಿಸಿ, ಮುಂದಿನ ಸೈಟನ್ನು ಅದರ ತುದಿಗೆ ಕೂರಿಸುವುದೂ ಇದೇ ಕಾರಣಕ್ಕೆ. ಅದರ ಲಾಭವನ್ನು ಲೆಕ್ಕದಲ್ಲೇ ನೋಡಬಹುದು. ಗುರಿ ಹಿಡಿಯುವಾಗ ಮುಂದಿನ ಸೈಟ್ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದಿದೆ ಅಂದುಕೊಳ್ಳಿ. ಸೈಟುಗಳ ಅಂತರ 45 ಸೆಂಟಿಮೀಟರ್ ಇದ್ದರೆ 50 ಮೀಟರ್‌ನಲ್ಲಿ ಗುಂಡು ಐದೂವರೆ ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಅಂತರ 60 ಸೆಂಟಿಮೀಟರ್ ಇದ್ದರೆ ಬರೀ ನಾಲ್ಕು ಚಿಲ್ಲರೆ. ಸುಲಿದ ತೆಂಗಿನಕಾಯಿಯ ಅಗಲ ಹತ್ತು ಹನ್ನೆರಡು ಸೆಂಟಿಮೀಟರ್, ಅಂದರೆ ನಡುವಿನಿಂದ ಅಂಚಿಗೆ ಐದಾರು ಸೆಂಟಿಮೀಟರ್ ಮಾತ್ರ. ಮೊದಲನೆಯದು ಅಂಚು ಸವರಿ ಹೋಗಬಹುದು. ಎರಡನೆಯದು ಕಾಯಿ ಒಡೆಯುತ್ತದೆ.

ಈಗ ವೇಗದ ಲೆಕ್ಕವನ್ನೂ ಅದರ ಪಕ್ಕದಲ್ಲಿ ಇಡೋಣ. 330 ಮೀಟರ್ ವೇಗದಲ್ಲಿ ಹೊರಟ ಗುಂಡು 50 ಮೀಟರ್ ತಲುಪುವಷ್ಟರಲ್ಲಿ ನಳಿಗೆಯ ನೇರದಿಂದ ಸುಮಾರು 12 ಸೆಂಟಿಮೀಟರ್ ಕೆಳಗೆ ಇಳಿದಿರುತ್ತದೆ. 320ರಲ್ಲಿ ಹೊರಟದ್ದು ಸುಮಾರು 13. ವ್ಯತ್ಯಾಸ ಒಂದು ಸೆಂಟಿಮೀಟರೂ ಇಲ್ಲ. ಅದು ಕೂಡ ನೀವು ನಿಮ್ಮ ರೈಫಲ್‌ಗೆ ನಿಮ್ಮದೇ ಕಾರ್ಟ್ರಿಡ್ಜ್ ಹಾಕಿ ಸೈಟ್ ಹೊಂದಿಸಿದ ಮೇಲೆ ಪೂರ್ತಿ ಅಳಿಸಿ ಹೋಗುತ್ತದೆ. ಎಲ್ಲ ಗುಂಡುಗಳೂ ಒಂದೇ ಸಮ ನಿಧಾನವಾಗಿದ್ದರೆ ಅದು ತೊಂದರೆಯೇ ಅಲ್ಲ. ಒಂದು ಗುಂಡು ವೇಗ, ಮುಂದಿನದು ನಿಧಾನ ಆದಾಗ ಮಾತ್ರ ಏಟು ಮೇಲೆ ಕೆಳಗೆ ಚದುರುತ್ತದೆ. ಆ ಏರುಪೇರು ಬರುವುದು ಹೆಚ್ಚಾಗಿ ಕಾರ್ಟ್ರಿಡ್ಜ್‌ನಿಂದ. ಅಗ್ಗದ ಡಬ್ಬಿಯಲ್ಲಿ ಗುಂಡಿನಿಂದ ಗುಂಡಿಗೆ ಹತ್ತು ಮೀಟರ್ ವೇಗದ ವ್ಯತ್ಯಾಸ ಸುಲಭವಾಗಿ ಸಿಗುತ್ತದೆ. ನಾಲ್ಕು ಇಂಚು ಉದ್ದದ ನಳಿಗೆಗೆ ಕೊಡುವ ದುಡ್ಡನ್ನು ಒಳ್ಳೆಯ ಕಾರ್ಟ್ರಿಡ್ಜ್‌ಗೆ ಕೊಡಿ ಎಂದು ನಾನು ಹೇಳುವುದು ಇದಕ್ಕೇ.

ಹೈ ವೆಲಾಸಿಟಿ ತಂದರೆ ಒಳ್ಳೆಯದಲ್ವಾ ಎಂದು ಕೆಲವರು ಕೇಳುತ್ತಾರೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಮಡಿಕೇರಿಯ ತಂಪಿನಲ್ಲಿ ಇನ್ನೂ ಸ್ವಲ್ಪ ಕಡಿಮೆ. 380ರಲ್ಲಿ ಹೊರಟ ಗುಂಡು ಹೋಗುತ್ತಾ ಹೋಗುತ್ತಾ ಶಬ್ದದ ವೇಗಕ್ಕಿಂತ ಕೆಳಗೆ ಇಳಿಯುತ್ತದೆ. ಆ ಗಡಿ ದಾಟುವಾಗ ಗುಂಡು ಸ್ವಲ್ಪ ಅಲುಗಾಡುತ್ತದೆ. 330ರಲ್ಲಿ ಹೊರಟದ್ದು ಮೊದಲಿನಿಂದಲೂ ಗಡಿಯ ಕೆಳಗೇ ಇರುತ್ತದೆ. ಟಾರ್ಗೆಟ್ ಶೂಟರ್‌ಗಳು ಸ್ಟ್ಯಾಂಡರ್ಡ್ ವೆಲಾಸಿಟಿಯನ್ನೇ ಹಿಡಿದುಕೊಂಡಿರುವುದು ಇದೇ ಕಾರಣಕ್ಕೆ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರ್‌ಗಿಂತ ಎತ್ತರದಲ್ಲಿದೆ. ಗಾಳಿ ತೆಳು, ಗುಂಡಿಗೆ ತಡೆ ಸ್ವಲ್ಪ ಕಡಿಮೆ ನಿಜ. ಆದರೆ 50 ಮೀಟರ್‌ನಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ.

ಈಗ ಆಯ್ಕೆ. ಕಬ್ಬಿಣದ ಸೈಟ್‌ನಲ್ಲಿ ಗುರಿ ಹಿಡಿಯುವವರು, ತೂಕ ತಡೆಯುವ ಭುಜ ಇರುವವರು 22ರಿಂದ 24 ಇಂಚಿನದ್ದನ್ನು ನೋಡಿ. ಬ್ರನೋ ಕಂಪನಿಯ ಹಳೆಯ ರೈಫಲ್‌ಗಳ ನಳಿಗೆಯೂ ಉದ್ದದ್ದೇ. ಅವು ಇಂದಿಗೂ ನಂಬಿಕೆಯ ರೈಫಲ್‌ಗಳು. ದುರ್ಬೀನು ಹಾಕುವವರಿಗೆ ಮುಂದಿನ ಸೈಟೇ ಇಲ್ಲ, ಉದ್ದದ ಮುಖ್ಯ ಲಾಭವೂ ಇಲ್ಲ. ಅವರಿಗೆ 16ರಿಂದ 20 ಇಂಚು ಧಾರಾಳ ಸಾಕು. ಹೊಸಬರು, ಕೈ ಸಣ್ಣದಿರುವವರು, ಮುಂದೆ ತೂಕ ಜಾಸ್ತಿ ಅನ್ನಿಸುವವರು ಕೂಡ 20 ಇಂಚಿನ ಕಡೆಗೇ ಬನ್ನಿ. ಮುಂದಕ್ಕೆ ಬಾಗುವ ರೈಫಲನ್ನು ನಡುಗುವ ಕೈಯಲ್ಲಿ ಹಿಡಿದರೆ ಸೈಟ್‌ಗಳ ಅಂತರ ಎಷ್ಟಿದ್ದರೂ ಉಪಯೋಗವಿಲ್ಲ.

12 ಬೋರ್: ಅಜ್ಜನ ಕಾಲದ ಅಳತೆ ಈಗ ಬೇಕಾಗಿಲ್ಲ

ಜೋಡುನಳಿಗೆ ಕೋವಿ ಇಲ್ಲದ ಐನ್‌ಮನೆ (ಕೊಡವ ಕುಟುಂಬದ ಮೂಲ ಮನೆ) ಕಡಿಮೆ. ಸುಗ್ಗಿ ಹಬ್ಬವಾದ ಪುತ್ತರಿಗೆ ಕದಿರು ಕೊಯ್ಯುವಾಗ ಹಾರಿಸುವ ಗುಂಡು, ಮನೆಯಲ್ಲಿ ಮಗು ಹುಟ್ಟಿದಾಗ, ಸಾವಾದಾಗ ಹಾರಿಸುವ ಗುಂಡು, ಎಲ್ಲಕ್ಕೂ ಇದೇ. ಆ ಕೆಲಸಕ್ಕೆ ವೇಗವೂ ಬೇಡ, ಉದ್ದವೂ ಬೇಡ. ಸ್ಪರ್ಧೆಗೆ ಹೊರಟರೆ ಮಾತ್ರ ಲೆಕ್ಕ ಬೇಕು.

ಹಳೆಯ ಕೋವಿಗಳಲ್ಲಿ 30, 32 ಇಂಚಿನ ನಳಿಗೆ ಜಾಸ್ತಿ. ಕರಿಮದ್ದಿನ ಕಾಲದ ರೂಢಿ ಅದು. ಕರಿಮದ್ದಿನ ಒತ್ತಡ ಕಡಿಮೆ. ಚರೆಗೆ ಸಾಕಷ್ಟು ವೇಗ ಬರಬೇಕಾದರೆ ತಳ್ಳುವ ದಾರಿ ಉದ್ದ ಇರಬೇಕಿತ್ತು. ಈಗಿನ ಹೊಗೆಯಿಲ್ಲದ ಮದ್ದು ಹಾಗಲ್ಲ. 20, 22 ಇಂಚು ತಲುಪುವಷ್ಟರಲ್ಲಿ ತನ್ನ ಕೆಲಸದ ಬಹುಪಾಲು ಮುಗಿಸಿರುತ್ತದೆ. ಅಲ್ಲಿಂದ ಮುಂದೆ ಪ್ರತಿ ಇಂಚಿಗೆ ಸಿಗುವುದು ಸೆಕೆಂಡಿಗೆ ಒಂದೂವರೆಯಿಂದ ಮೂರು ಮೀಟರ್. 26 ಇಂಚಿನದಕ್ಕೂ 30 ಇಂಚಿನದಕ್ಕೂ ವ್ಯತ್ಯಾಸ ಆರರಿಂದ ಹನ್ನೆರಡು ಮೀಟರ್ ಅಷ್ಟೇ. ಒಟ್ಟು ವೇಗ 370, 380 ಇರುವಾಗ ಇದು ನೂರಕ್ಕೆ ಎರಡು ಮೂರು.

ಇನ್ನೊಂದು ತಪ್ಪು ನಂಬಿಕೆ ಇದೆ. ಉದ್ದ ನಳಿಗೆಯಲ್ಲಿ ಚರೆ ಚದುರುವುದಿಲ್ಲ ಅಂತ. ಚರೆ ಹರಡುವುದನ್ನು ಹಿಡಿದಿಡುವುದು ಉದ್ದ ಅಲ್ಲ, ಚೋಕ್. ನಳಿಗೆಯ ಕೊನೆಯ ಕೆಲವು ಇಂಚಿನಲ್ಲಿ ತೂತು ಸ್ವಲ್ಪ ಕಿರಿದಾಗಿರುತ್ತದೆ, ಅದೇ ಚೋಕ್. ಫುಲ್ ಚೋಕ್ ಇರುವ 26 ಇಂಚಿನ ನಳಿಗೆ, ಚೋಕ್ ಇಲ್ಲದ 32 ಇಂಚಿನದಕ್ಕಿಂತ ಬಿಗಿಯಾಗಿ ಚರೆ ಕೂರಿಸುತ್ತದೆ. ಹಳೆ ಜೋಡುನಳಿಗೆಯಲ್ಲಿ ಬಲಗಡೆಯದು ಸಡಿಲ, ಎಡಗಡೆಯದು ಬಿಗಿ ಇರುವುದು ಸಾಮಾನ್ಯ. ನಿಮ್ಮದರಲ್ಲಿ ಯಾವುದು ಯಾವುದು ಎಂದು ಕಾಗದಕ್ಕೆ ಹೊಡೆದು ನೋಡಿಕೊಳ್ಳಿ. ಸ್ಪರ್ಧೆಯ ದಿನ ಎಳೆಯಬೇಕಾದ ಕುದುರೆ ಯಾವುದು ಅಂತ ಅಲ್ಲೇ ಗೊತ್ತಾಗುತ್ತದೆ.

ನಾನು ಆರಿಸುವುದಾದರೆ 28 ಇಂಚು. ನಿಂತ ಗುರಿಗೆ ನಿಧಾನವಾಗಿ ಹಿಡಿಯುವಾಗ ಅದರ ತೂಕ ಕೈಯನ್ನು ನೆಲೆಯಾಗಿ ಇಡುತ್ತದೆ. ತೋಟದಲ್ಲಿ ಕಾಫಿ ಗಿಡಗಳ ಸಾಲಿನಲ್ಲಿ ಹೊತ್ತು ನಡೆಯುವವರಿಗೆ 26 ಹಿತ. 32 ಇಂಚಿನದು ಮನೆಯಲ್ಲಿ ಇದ್ದರೆ ಸಂತೋಷವಾಗಿ ಬಳಸಿ. ಆದರೆ ಅದಕ್ಕಾಗಿ ಹುಡುಕಿಕೊಂಡು ಹೋಗಬೇಡಿ. ಹಳೆಯ ಕೋವಿಯಾಗಿದ್ದರೆ ಅದು ಈಗಿನ ಕಾರ್ಟ್ರಿಡ್ಜ್‌ನ ಒತ್ತಡ ತಡೆಯುತ್ತದೆಯೇ, ಅದರ ಚೇಂಬರ್ (ಕಾರ್ಟ್ರಿಡ್ಜ್ ಕೂರುವ ಜಾಗ) ಈಗಿನ ಕಾರ್ಟ್ರಿಡ್ಜ್‌ನ ಉದ್ದಕ್ಕೆ ಸರಿಯೇ ಎಂದು ತಿಳಿದ ಕೋವಿ ಮೇಸ್ತ್ರಿಗೆ ತೋರಿಸದೆ ಹಾರಿಸಬೇಡಿ. ಉದ್ದದ ಪ್ರಶ್ನೆಗಿಂತ ಇದು ದೊಡ್ಡದು.

ತರ್ಟಿ ನಾಟ್ ಸಿಕ್ಸ್: ಇಲ್ಲಿ ಉದ್ದಕ್ಕೆ ಬೆಲೆ ಇದೆ

1906ರಲ್ಲಿ ಅಮೆರಿಕದ ಸೈನ್ಯಕ್ಕೆ ಬಂದ ಈ ಕಾರ್ಟ್ರಿಡ್ಜ್ ಇಂದಿಗೂ ನಮ್ಮ ಕೆಲವು ಮನೆಗಳಲ್ಲಿ, ಕೆಲವು ಸ್ಪರ್ಧೆಗಳಲ್ಲಿ ಕಾಣುತ್ತದೆ. ಮದ್ದು ಜಾಸ್ತಿ, ನಿಧಾನವಾಗಿ ಉರಿಯುವ ಮದ್ದು ಕೂಡ. ಹಾಗಾಗಿ ಗುಂಡು 24ನೇ ಇಂಚಿನಲ್ಲೂ ವೇಗ ಹಿಡಿಯುತ್ತಲೇ ಇರುತ್ತದೆ. ಒಂದು ಇಂಚು ಕಡಿಮೆಯಾದರೆ ಸೆಕೆಂಡಿಗೆ ಆರರಿಂದ ಒಂಬತ್ತು ಮೀಟರ್ ಹೋಗುತ್ತದೆ. 150 ಗ್ರೇನ್ ಗುಂಡು 24 ಇಂಚಿನ ನಳಿಗೆಯಿಂದ ಸುಮಾರು 880 ಮೀಟರ್ ವೇಗದಲ್ಲಿ ಹೊರಟರೆ, 20 ಇಂಚಿನದರಿಂದ 850ರ ಸುತ್ತ. ಶಕ್ತಿಯಲ್ಲಿ ನೂರಕ್ಕೆ ಏಳರಷ್ಟು ನಷ್ಟ.

ಕೇಳಲು ದೊಡ್ಡದು. ಆದರೆ 100 ಮೀಟರ್‌ನಲ್ಲಿ ಗುಂಡು ಬೀಳುವ ಜಾಗದ ವ್ಯತ್ಯಾಸ ಅರ್ಧ ಸೆಂಟಿಮೀಟರ್. ಮುನ್ನೂರು ನಾನ್ನೂರು ಮೀಟರ್ ದೂರದ ರೇಂಜ್‌ನಲ್ಲಿ ಹೊಡೆಯುವವರಿಗೆ ಮಾತ್ರ ಆ ನಾಲ್ಕು ಇಂಚು ನಿಜವಾಗಿ ಕೆಲಸಕ್ಕೆ ಬರುತ್ತದೆ. ಹಾಗಿದ್ದರೂ ನಾನು ಇದರಲ್ಲಿ 20ಕ್ಕೆ ಇಳಿಯಬೇಡಿ ಎನ್ನುತ್ತೇನೆ. ಕಾರಣ ಸದ್ದು ಮತ್ತು ಬೆಂಕಿ. ಗಿಡ್ಡ ನಳಿಗೆಯ ತುದಿಯಲ್ಲಿ ಒತ್ತಡ ಇನ್ನೂ ಜೋರಾಗಿ ಉಳಿದಿರುತ್ತದೆ, ಬಾಯಿಯೂ ನಿಮ್ಮ ಕಿವಿಗೆ ಹತ್ತಿರ. ಕೋವಿಯ ಸದ್ದು ಸಾಮಾನ್ಯವಾಗಿ 140 ಡೆಸಿಬಲ್ ದಾಟುತ್ತದೆ. ಅಷ್ಟು ಸದ್ದಿಗೆ ಕಿವಿ ಕೆಡಲು ಒಂದೇ ಗುಂಡು ಸಾಕು. ಸದ್ದಿಗೆ ಬೆಚ್ಚುವ ಅಭ್ಯಾಸ ಒಮ್ಮೆ ಹತ್ತಿದರೆ ಬಿಡಿಸುವುದು ಕಷ್ಟ. ಯಾವ ಉದ್ದದ್ದಾದರೂ ಸರಿ, ಕಿವಿಗೆ ರಕ್ಷಣೆ ಹಾಕದೆ ಹಾರಿಸಬೇಡಿ. ಮೈದಾನದ ಪಕ್ಕ ನಿಲ್ಲುವ ಮಕ್ಕಳಿಗೂ ಹಾಕಿಸಿ.

ಪಾಯಿಂಟ್ 315 ಇರುವವರಿಗೆ ಎರಡು ಮಾತು. ಆಸ್ಟ್ರಿಯಾದ 8 ಮಿಲಿಮೀಟರ್ ಮ್ಯಾನ್‌ಲಿಕರ್ ಕಾರ್ಟ್ರಿಡ್ಜ್ ಇದರ ಮೂಲ. ಸೈನ್ಯದ 303 ಸಾಮಾನ್ಯರ ಕೈಗೆ ಸಿಗಬಾರದು ಎಂಬ ಬ್ರಿಟಿಷರ ನಿಯಮದಿಂದ ಇಲ್ಲಿ ನೆಲೆ ಊರಿತು. ಇಶಾಪುರದ ಕಾರ್ಖಾನೆಯ ರೈಫಲ್‌ಗಳು ಹೆಚ್ಚಾಗಿ ಒಂದೇ ಅಳತೆಯಲ್ಲಿ ಸಿಗುತ್ತವೆ. ಭಾರದ ಗುಂಡು, ಕಡಿಮೆ ವೇಗ. ಇಲ್ಲಿ ಉದ್ದ ಆರಿಸುವ ಪ್ರಶ್ನೆ ಅಷ್ಟಾಗಿ ಬರುವುದಿಲ್ಲ.

ನಳಿಗೆ ಗಟ್ಟಿಯಾಗಿ ನಿಲ್ಲುವ ವಿಷಯವೂ ಇದೆ. ಗುಂಡು ಹೋಗುವಾಗ ನಳಿಗೆ ಕಂಪಿಸುತ್ತದೆ. ಒಂದೇ ದಪ್ಪದ 20 ಇಂಚಿನ ನಳಿಗೆ ಮತ್ತು 24 ಇಂಚಿನ ನಳಿಗೆಯ ತುದಿಗೆ ಒಂದೇ ಬಲ ಬಿದ್ದರೆ ಉದ್ದದ್ದು 1.7 ಪಟ್ಟು ಜಾಸ್ತಿ ಬಾಗುತ್ತದೆ. ತೆಳುವಾದ ಉದ್ದ ನಳಿಗೆಗಿಂತ ದಪ್ಪನೆಯ ಗಿಡ್ಡ ನಳಿಗೆ ಎಷ್ಟೋ ಸಲ ನಿಖರವಾಗಿ ಹೊಡೆಯುವುದು ಇದರಿಂದಲೇ. ಉದ್ದ ಬೇಕು, ನಿಖರತೆಯೂ ಬೇಕು ಎಂದರೆ ದಪ್ಪವೂ ಬೇಕು, ತೂಕವೂ ಬರುತ್ತದೆ.

ಏರ್ ರೈಫಲ್ ವಿಭಾಗಕ್ಕೆ ಮಕ್ಕಳನ್ನು ಕಳುಹಿಸುವ ಮನೆಯವರು ಉದ್ದದ ಚಿಂತೆಯನ್ನೇ ಬಿಡಿ. ಸ್ಪ್ರಿಂಗ್ ಏರ್ ರೈಫಲ್‌ನಲ್ಲಿ ಪೆಲೆಟ್ ಕೆಲವೇ ಇಂಚುಗಳಲ್ಲಿ ತನ್ನ ವೇಗ ಮುಟ್ಟಿಬಿಡುತ್ತದೆ. ಮಿಕ್ಕ ಉದ್ದ ಸ್ಪ್ರಿಂಗ್ ಎಳೆಯಲು ಸನ್ನೆಯಾಗಿ ಕೆಲಸಕ್ಕೆ ಬರುತ್ತದೆ. ಮಗುವಿನ ಕೈಗೆ ಎಟಕುವ ಬಟ್ (ಭುಜಕ್ಕೆ ಒತ್ತುವ ಹಿಂಭಾಗ) ನೋಡಿ, ಅಷ್ಟು ಸಾಕು.

ಕತ್ತರಿಸುವ ಯೋಚನೆ ಬೇಡ

ಹಳೆಯ ಉದ್ದ ಕೋವಿಯನ್ನು ನಾಲ್ಕು ಇಂಚು ಕತ್ತರಿಸಿದರೆ ಆಯಿತಲ್ಲ ಎಂದು ಹೇಳುವವರು ಇದ್ದಾರೆ. ದಯವಿಟ್ಟು ಆ ಕೆಲಸಕ್ಕೆ ಕೈ ಹಾಕಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಇರುವ ವಿನಾಯಿತಿ 3 ಮತ್ತು 4ನೇ ಸೆಕ್ಷನ್‌ಗಳಿಂದ, ಅಂದರೆ ಕೋವಿ ಹೊಂದಲು ಬೇಕಾದ ಲೈಸೆನ್ಸ್‌ನಿಂದ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದೆ. ನಳಿಗೆ ಗಿಡ್ಡ ಮಾಡುವುದನ್ನು ತಡೆಯುವುದು 6ನೇ ಸೆಕ್ಷನ್. ಅದಕ್ಕೆ ಬೇರೆಯೇ ಲೈಸೆನ್ಸ್ ಬೇಕು. 1861ರಿಂದ ಕಾಪಾಡಿಕೊಂಡು ಬಂದ ಹಕ್ಕು ಇದು. 2021ರಲ್ಲಿ ಹೈಕೋರ್ಟ್ ಕೂಡ ಎತ್ತಿ ಹಿಡಿದಿದೆ. ಒಂದು ಗರಗಸದ ಕೆಲಸಕ್ಕಾಗಿ ಅದಕ್ಕೆ ಕೆಟ್ಟ ಹೆಸರು ತರುವುದು ಬೇಡ. ಕಾನೂನು ಪಕ್ಕಕ್ಕಿಟ್ಟರೂ 12 ಬೋರಿನ ತುದಿ ಕತ್ತರಿಸಿದರೆ ಚೋಕ್ ಹೋಗುತ್ತದೆ, ಮುಂದಿನ ಸೈಟ್ ಹೋಗುತ್ತದೆ. ಒಳ್ಳೆಯ ಕೋವಿ ಕೆಲಸಕ್ಕೆ ಬಾರದ ಕೊಳವೆಯಾಗುತ್ತದೆ.

ಅಂಗಡಿಯಲ್ಲಿ ನೋಡಬೇಕಾದದ್ದು

ಕೈಗೆ ತೆಗೆದುಕೊಂಡ ತಕ್ಷಣ ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಭಾಗ) ತೆರೆದು ಖಾಲಿ ಇದೆಯೇ ಎಂದು ಕಣ್ಣಾರೆ ನೋಡಿ. ಬಳಿಕ ಭುಜಕ್ಕೆ ಹಿಡಿದು, ಸುರಕ್ಷಿತ ದಿಕ್ಕಿಗೆ ತಿರುಗಿಸಿ, ಒಂದು ನಿಮಿಷ ಹಾಗೇ ನಿಲ್ಲಿ. ಸೈಟ್ ನಿಧಾನಕ್ಕೆ ಕೆಳಗೆ ಜಾರುತ್ತಿದ್ದರೆ ಆ ನಳಿಗೆ ನಿಮಗೆ ಉದ್ದ, ಇಲ್ಲವೇ ಭಾರ. ಆಚೀಚೆ ಚುರುಕಾಗಿ ಓಲಾಡುತ್ತಿದ್ದರೆ ಮುಂದೆ ತೂಕ ಸಾಲದು. ನಿಮ್ಮ ಭುಜ ಹೇಳುವುದನ್ನು ಯಾವ ಪುಸ್ತಕದ ಅಂಕಿಯೂ ಹೇಳುವುದಿಲ್ಲ.

ಉದ್ದ ಅಳೆಯುವ ಸರಿಯಾದ ಕ್ರಮ ಹೀಗಿದೆ. ಖಾಲಿ ರೈಫಲ್‌ನ ಬೋಲ್ಟ್ ಮುಚ್ಚಿ, ಕ್ಲೀನಿಂಗ್ ರಾಡನ್ನು ನಳಿಗೆಯ ಬಾಯಿಯಿಂದ ಬೋಲ್ಟ್ ಮುಖಕ್ಕೆ ತಾಗುವವರೆಗೆ ಇಳಿಸಿ. ಬಾಯಿಯ ಹತ್ತಿರ ರಾಡ್ ಮೇಲೆ ಗುರುತು ಹಾಕಿ, ಹೊರತೆಗೆದು ಅಳೆಯಿರಿ. ಹೊರಗಿನಿಂದ ಕಾಣುವ ಕೊಳವೆಯನ್ನು ಮಾತ್ರ ಅಳೆದರೆ ಒಂದೆರಡು ಇಂಚು ಕಡಿಮೆ ಬರುತ್ತದೆ.

ಒಂದೇ ಕಂಪನಿಯ, ಒಂದೇ ಉದ್ದದ ಎರಡು ನಳಿಗೆಗಳೂ ಒಂದೇ ವೇಗ ಕೊಡುವುದಿಲ್ಲ. ತೂತಿನ ಸಣ್ಣ ಅಳತೆಯ ವ್ಯತ್ಯಾಸ, ಚೇಂಬರ್‌ನ ಬಿಗಿ, ಒಳಗಿನ ನುಣುಪು ಎಲ್ಲವೂ ಸೇರಿ ಸೆಕೆಂಡಿಗೆ ಹತ್ತು ಹದಿನೈದು ಮೀಟರ್ ಆಚೀಚೆ ಮಾಡುತ್ತವೆ. ಪಕ್ಕದ ಮನೆಯವರ 22 ಇಂಚಿನದ್ದು ನಿಮ್ಮ 24 ಇಂಚಿನದಕ್ಕಿಂತ ವೇಗವಾಗಿ ಹೊಡೆದರೆ ಆಶ್ಚರ್ಯಪಡಬೇಡಿ. ನಿಜವಾದ ಅಂಕಿ ಬೇಕಾದರೆ ಕ್ರೊನೊಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ಇರುವ ರೇಂಜ್‌ಗೆ ಹೋಗಿ ಹತ್ತು ಗುಂಡು ಹಾರಿಸಿ. ಸರಾಸರಿಯ ಜೊತೆಗೆ ಅತಿ ವೇಗದ ಗುಂಡಿಗೂ ಅತಿ ನಿಧಾನದ್ದಕ್ಕೂ ಇರುವ ಅಂತರವನ್ನು ಬರೆದಿಟ್ಟುಕೊಳ್ಳಿ. ಕಾರ್ಟ್ರಿಡ್ಜ್ ಆರಿಸುವಾಗ ಆ ಅಂತರವೇ ಕೆಲಸಕ್ಕೆ ಬರುತ್ತದೆ.

ಹಳೆಯ ರೈಫಲ್ ಕೊಳ್ಳುವವರು ನಳಿಗೆಯ ಬಾಯಿಯ ಅಂಚನ್ನು ಬೆಳಕಿಗೆ ಹಿಡಿದು ನೋಡಲೇಬೇಕು. ಗುಂಡು ಕೊನೆಯದಾಗಿ ಬಿಟ್ಟು ಹೋಗುವ ಜಾಗ ಅದು. ಅಲ್ಲಿ ಒಂದು ಸಣ್ಣ ಕಚ್ಚು, ಒಂದು ಕಡೆ ಸವೆತ ಇದ್ದರೂ ಅನಿಲ ಓರೆಯಾಗಿ ನುಗ್ಗಿ ಗುಂಡನ್ನು ಪಕ್ಕಕ್ಕೆ ನೂಕುತ್ತದೆ. ಆಮೇಲೆ ಒಳಗೆ ಬೆಳಕು ಬಿಟ್ಟು ನೋಡಿ. ನಮ್ಮ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಗೋಡೆಯೇ ಬೆವರುತ್ತದೆ. ಎಣ್ಣೆ ಕಾಣದ ಕೋವಿ ಒಳಗಿನಿಂದ ತುಕ್ಕು ಹಿಡಿದು ಗುಳಿ ಬಿದ್ದಿರುತ್ತದೆ. ಅಂಥ ರೈಫಲ್ ಎಷ್ಟೇ ಉದ್ದ ಇರಲಿ, ಎಷ್ಟೇ ಹೆಸರಿನದಿರಲಿ, ಕೆಳಗಿಟ್ಟು ಮುಂದಿನದನ್ನು ಕೇಳಿ.